ಮಿಲ್ ಕೂಗಿದರೆ ಏಳುತ್ತಿದ್ದ ಬೆಂಗಳೂರು: ಬಿನ್ನಿಪೇಟೆಯಿಂದ ರಾಜಾಜಿನಗರದವರೆಗೆ ನಿಮಗೆ ನೆನಪಿರುವುದನ್ನು ಹೇಳಿ

ಬಿನ್ನಿಪೇಟೆ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಮಗನ ಜೊತೆ ಹೊಸಕೆರೆ ರಸ್ತೆಯಲ್ಲಿ ಹೋಗುತ್ತಿದ್ದೆ. ಅಲ್ಲಿನ ಎತ್ತರದ ಅಪಾರ್ಟ್‌ಮೆಂಟ್ ತೋರಿಸಿ, "ನಿನ್ನ ಮುತ್ತಾತ ಇಲ್ಲೇ ಕೆಲಸ ಮಾಡ್ತಿದ್ರು ಕಣೋ" ಅಂದೆ. "ಸೆಕ್ಯುರಿಟಿಯಲ್ಲಾ ಅಮ್ಮ?" ಅಂತ ಕೇಳಿದ. ಅವನದೇನೂ ತಪ್ಪಿಲ್ಲ. ಅಲ್ಲೊಂದು ಮಿಲ್ ಇತ್ತು ಅನ್ನುವುದಕ್ಕೆ ಅವನ ಕಣ್ಣಿಗೆ ಬೀಳುವಂಥದ್ದು ಏನಿದೆ ಹೇಳಿ.

ನಮ್ಮ ತಾತ ಬಿನ್ನಿ ಮಿಲ್ಲಿನಲ್ಲಿ ಮಗ್ಗದ ಕೆಲಸದಲ್ಲಿದ್ದರು. ಮಿಲ್ಲಿನ ಪೂರ್ತಿ ಹೆಸರು ಬ್ಯಾಂಗಲೋರ್ ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್. ಶುರುವಾದದ್ದು 1884ರಲ್ಲಿ. ಎರಡು ವರ್ಷಕ್ಕೆ ಮದರಾಸಿನ ಬಿನ್ನಿ ಕಂಪನಿ ಅದನ್ನು ತೆಗೆದುಕೊಂಡಿತು. ಆ ಕಂಪನಿಯ ಹೆಸರೇ ಸುತ್ತಲಿನ ಬೀದಿಗಳಿಗೆ ಅಂಟಿಕೊಂಡು ಬಿನ್ನಿಪೇಟೆ ಆಯಿತು. ಹತ್ತಿ, ಉಣ್ಣೆ, ರೇಷ್ಮೆ ಮೂರೂ ಒಂದೇ ಕಾಂಪೌಂಡಿನೊಳಗೆ. ಎರಡು ಮಹಾಯುದ್ಧಗಳ ಕಾಲದಲ್ಲಿ ಸೈನ್ಯಕ್ಕೆ ಬಟ್ಟೆ, ಕಂಬಳಿ ಹೋಗುತ್ತಿತ್ತು. ಬಿನ್ನಿ ಕಂಬಳಿ ನಮ್ಮ ಮನೆಯಲ್ಲಿ ಇನ್ನೂ ಒಂದಿದೆ. ಅಮ್ಮ ಅದನ್ನು ಯಾರಿಗೂ ಹೊದೆಯಲು ಕೊಡುವುದಿಲ್ಲ.

ಬೆಂಗಳೂರಿನ ಕಥೆ ಅಂದರೆ ಎಲ್ಲರೂ ಕೆಂಪೇಗೌಡರು, ಕಂಟೋನ್ಮೆಂಟ್, ಕಬ್ಬನ್ ಪಾರ್ಕ್, ಆಮೇಲೆ ಸೀದಾ ಸಾಫ್ಟ್‌ವೇರ್ ಅಂತಾರೆ. ಮಧ್ಯದಲ್ಲಿ ನೂರು ವರ್ಷ ಈ ಊರು ಬಟ್ಟೆ ನೇಯ್ದಿದೆ, ದಾರ ತೆಗೆದಿದೆ, ಸೋಪು, ಬಲ್ಬು, ಮೋಟರು ಮಾಡಿದೆ. ಅದನ್ನು ಮಾಡಿದವರು ಇದ್ದದ್ದು ನಮ್ಮ ಪಶ್ಚಿಮದ ಕಡೆ. ಬಿನ್ನಿಪೇಟೆ, ಗೋಪಾಲಪುರ, ಮಾಗಡಿ ರಸ್ತೆ, ಒಕಳಿಪುರಂ, ಶ್ರೀರಾಮಪುರ, ರಾಜಾಜಿನಗರ. ಹೊರಗಿನವರಿಗೆ ಇದು ಬರೀ "ಮಿಲ್ ಏರಿಯಾ", ಇಲ್ಲಾ "ರೌಡಿ ಏರಿಯಾ". ನನಗೆ ಅದನ್ನು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಿಮ್ಮ ಮನೆಯ ಹಿರಿಯರು ಏನು ಹೇಳುತ್ತಿದ್ದರು? ಯಾವ ಮಾತು, ಯಾವ ವಸ್ತು, ಯಾವ ಬೀದಿ? ದಯವಿಟ್ಟು ಬರೆಯಿರಿ. ಅವರಲ್ಲಿ ತುಂಬಾ ಜನ ಈಗ ಎಂಬತ್ತು ದಾಟಿದ್ದಾರೆ.

ರಾಜಾಮಿಲ್ ಹಿಂದಿನ ಬೀದಿ

ಒಳ್ಳೆಯ ವಿಷಯ ಎತ್ತಿದ್ದೀರಿ ಅಕ್ಕ. ನಾನು ಶ್ರೀರಾಮಪುರದವನು. ನಮ್ಮ ಅಜ್ಜಿ ರಾಜಾ ಮಿಲ್ಲಿನಲ್ಲಿ ದಾರ ಸುತ್ತುತ್ತಿದ್ದರು. ಕಾಗದದ ಮೇಲೆ ಅದು ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಆ ಹೆಸರನ್ನು ನಮ್ಮ ಬೀದಿಯಲ್ಲಿ ಒಬ್ಬರೂ ಹೇಳಿದ್ದು ನನಗೆ ನೆನಪಿಲ್ಲ. ಎಲ್ಲರಿಗೂ ಅದು ರಾಜಾ ಮಿಲ್. ಅದೂ 1880ರ ದಶಕದ್ದೇ. ಈಗ ಅಲ್ಲಿ ಮಂತ್ರಿ ಮಾಲ್ ಇದೆ, 2010ರಿಂದ. ನಮ್ಮ ಅತ್ತೆ ಇವತ್ತಿಗೂ ಆಟೊದವರಿಗೆ "ರಾಜಾಮಿಲ್ ಹತ್ತಿರ ಬಿಡಪ್ಪ" ಅಂತಾರೆ. ವಯಸ್ಸಾದ ಡ್ರೈವರ್ ಆದರೆ ತಕ್ಷಣ ಗೊತ್ತಾಗುತ್ತದೆ.

ಮಿಲ್ಲುಗಳು ಇಲ್ಲೇ ಯಾಕೆ ಬಂದವು ಅಂತ ಯಾರಾದರೂ ಯೋಚಿಸಿದ್ದೀರಾ? ಒಂದು, ರೈಲು. ಹಳೇ ಪೇಟೆಯ ಪಶ್ಚಿಮಕ್ಕೆ ಸಿಟಿ ಸ್ಟೇಷನ್ ಬಂದು, 1880ರ ದಶಕದಲ್ಲಿ ಮೈಸೂರು ಕಡೆಗೂ ತುಮಕೂರು ಕಡೆಗೂ ಹಳಿ ಹೋಯಿತು. ಆ ದಶಕದ ಕೊನೆಗೆ ಹಳಿ ಹರಿಹರದವರೆಗೆ ಮುಟ್ಟಿತು. ಅಂದರೆ ಹತ್ತಿ ಬೆಳೆಯುವ ಬಯಲು ಸೀಮೆಯಿಂದ ಅರಳೆ ಸೀದಾ ಮಿಲ್ಲಿನ ಬಾಗಿಲಿಗೆ. ಇನ್ನೊಂದು, ನೀರು. ಧರ್ಮಾಂಬುಧಿ ಕೆರೆ, ಜಕ್ಕರಾಯನ ಕೆರೆ, ಹೊಸಕೆರೆ, ಎಲ್ಲಾ ಈ ಕಡೆಯವೇ. ಮೊದಲನೆಯದು ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಎರಡನೆಯದು ಮೈದಾನ. ಮೂರನೆಯದು ಬರೀ ರಸ್ತೆಯ ಹೆಸರು.

ಮಲ್ಲೇಶ್ವರ ನಮಗೆ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಮಧ್ಯೆ ತುಮಕೂರಿನ ಹಳಿ. ಹಳಿಯ ಆ ಕಡೆ ಸಂಪಿಗೆ ಮರ, ಅಗಲವಾದ ಕ್ರಾಸುಗಳು, 1898ರ ಪ್ಲೇಗ್ ಕಾಲದಲ್ಲಿ ಯೋಚಿಸಿ ಕಟ್ಟಿದ ಬಡಾವಣೆ. ಈ ಕಡೆ ನಾವು. ಒಂದು ವಠಾರಕ್ಕೆ ಹನ್ನೆರಡು ಮನೆ, ಒಂದು ನಲ್ಲಿ. ಬೆಳಿಗ್ಗೆ ಸಾಲಿನಲ್ಲಿ ಜನಕ್ಕಿಂತ ಮೊದಲು ಕೊಡಗಳು ನಿಂತಿರುತ್ತಿದ್ದವು. ಕೊಡ ನೋಡಿದರೆ ಯಾರದು ಅಂತ ಗೊತ್ತಾಗುತ್ತಿತ್ತು.

ಒಕಳಿಪುರಂ 560021

ಮಿಲ್ ಕೂಗುವುದರ ಬಗ್ಗೆ ಒಂದು ಮಾತು. ನಮ್ಮ ಮನೆಯಲ್ಲಿ ಸೈರನ್ ಅನ್ನುತ್ತಲೇ ಇರಲಿಲ್ಲ. "ಮಿಲ್ ಕೂಗ್ತು, ಏಳು" ಅಂತಿದ್ದರು. ಪಕ್ಕದ ಮನೆಯ ತಮಿಳಿನವರು "ಸಂಗು" ಅಂತಿದ್ದರು. ಶಂಖ ಅನ್ನುವ ಅರ್ಥದಲ್ಲಿ. ನನ್ನ ಹೆಂಡತಿ ಹುಬ್ಬಳ್ಳಿಯವಳು. ಅವರ ಕಡೆ ಅದು "ಭೋಂಗಾ".

ಗಡಿಯಾರ ಇದ್ದ ಮನೆಗಳೇ ಕಡಿಮೆ. ಮಿಲ್ ಕೂಗಿದ ಮೇಲೆ ಒಲೆ ಹಚ್ಚುವುದು, ಮಿಲ್ ಕೂಗಿದ ಮೇಲೆ ಮಕ್ಕಳನ್ನು ಸ್ಕೂಲಿಗೆ ಕಳಿಸುವುದು. ಮಿಲ್ಲಿನ ಕೆಲಸಕ್ಕೆ ಹೋಗದ ದರ್ಜಿ, ಹೂ ಮಾರುವವರು, ಹಾಲಿನವರು, ಎಲ್ಲರ ದಿನವೂ ಆ ಕೂಗಿನ ಮೇಲೆಯೇ ನಡೆಯುತ್ತಿತ್ತು. ಕೂಗು ನಿಂತ ದಿನ ನಮ್ಮ ತಾಯಿ ಸುಮ್ನೆ ಹಾಸಿಗೆ ಮೇಲೆ ಕೂತಿದ್ದರು. ಬೆಳಕು ಹರಿದಿತ್ತು, ಆದರೆ ಏಳಬೇಕಾ ಬೇಡವಾ ಅಂತ ಅವರಿಗೆ ತಿಳಿಯಲಿಲ್ಲ.

ಹಳೇ ಫಿಟ್ಟರ್

ಮಕ್ಕಳೇ, ನನಗೆ ಈಗ 78. ಮೊಮ್ಮಗ ಮೊಬೈಲಿನಲ್ಲಿ ಕನ್ನಡ ಬರೆಯುವುದನ್ನು ಹೇಳಿಕೊಟ್ಟಿದ್ದಾನೆ. ನಿಧಾನ ಆಗುತ್ತದೆ, ಆದರೂ ಬರೆಯುತ್ತೇನೆ.

ನಾನು ಮಿಲ್ಲಿನವನಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಸಬರ್ಬಿನಲ್ಲಿ ಫಿಟ್ಟರ್ ಆಗಿದ್ದೆ. ಈಗ ರಾಜಾಜಿನಗರ ಅಂದರೆ ಎಲ್ಲರಿಗೂ ದೊಡ್ಡ ಮನೆಗಳು, ಒಡವೆ ಅಂಗಡಿಗಳು ನೆನಪಾಗುತ್ತವೆ. ಆದರೆ ಅದು ಹುಟ್ಟಿದ್ದೇ ಕಾರ್ಖಾನೆಗಾಗಿ. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿ ಅವರು ಬಂದು ಅಡಿಗಲ್ಲು ಹಾಕಿದರು. ಅದಕ್ಕೇ ರಾಜಾಜಿ ನಗರ. ನಾಲ್ಕು ವರ್ಷ ಮೊದಲು, 1945ರಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಗಿತ್ತು. ಈಗಿನ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಅದೇ ತಾಯಿಬೇರು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ ಅಂತ ಹಳ್ಳಿಗಳಿದ್ದ ಕಡೆ ಬ್ಲಾಕುಗಳು ಬಂದವು. ಹಳ್ಳಿಯ ಹೆಸರು ಈಗಲೂ ಇವೆ, ಹೊಲ ಇಲ್ಲ.

ಕಾರ್ಖಾನೆಯ ಪಕ್ಕದಲ್ಲೇ ಮನೆ, ಮನೆಯ ಪಕ್ಕದಲ್ಲೇ ಸ್ಕೂಲು, ಆಸ್ಪತ್ರೆ, ಆಟದ ಮೈದಾನ. ಯೋಚನೆ ಹಾಗಿತ್ತು. ಪೂರ್ತಿ ಆಗಲಿಲ್ಲ. ಆದರೆ ಅರ್ಧ ಆದದ್ದೂ ಸಣ್ಣ ವಿಷಯ ಅಲ್ಲ.

ಸೋಪ್ ಫ್ಯಾಕ್ಟರಿ 1957ರಲ್ಲಿ ಈ ಕಡೆಗೆ ಬಂತು. ಮೈಸೂರು ಸ್ಯಾಂಡಲ್ ಸೋಪು. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತು ಇಲ್ಲೇ ಉಳಿದುಬಿಟ್ಟಿತು. ಆಗ ಸಂಸ್ಥಾನದವರು ಇಲ್ಲಿಯೇ ಎಣ್ಣೆ ತೆಗೆಸಿದರು, ಸೋಪು ಮಾಡಿಸಿದರು. ಗಾಳಿ ತಿರುಗಿದ ದಿನ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರೂ ಸ್ಟಾಪ್ ಬಂತು ಅಂತ ಗೊತ್ತಾಗುತ್ತಿತ್ತು. ಈಗ ಮೆಟ್ರೊ ಸ್ಟೇಷನ್ನಿಗೂ ಅದೇ ಹೆಸರಿದೆ. ಅದೊಂದು ಸಂತೋಷ.

ಇನ್ನು ಆಯುಧಪೂಜೆ. ವರ್ಷದಲ್ಲಿ ಅದೊಂದು ದಿನ ಮನೆಯವರನ್ನು ಗೇಟಿನೊಳಗೆ ಬಿಡುತ್ತಿದ್ದರು. ಹಿಂದಿನ ದಿನ ಮಷೀನನ್ನು ಸೀಮೆಎಣ್ಣೆ ಹಾಕಿ ಉಜ್ಜುವುದು, ಅರಿಶಿನ ಕುಂಕುಮ, ಬಾಳೆಕಂದು, ಬೂದುಗುಂಬಳಕಾಯಿ. ನನ್ನ ಹೆಂಡತಿ ಮೊದಲ ಸಲ ನನ್ನ ಲೇತ್ ನೋಡಿದಾಗ ಅದನ್ನು ಮುಟ್ಟಿ ನಮಸ್ಕಾರ ಮಾಡಿದಳು. "ಇದೇನಾ ನಮಗೆ ಅನ್ನ ಹಾಕೋದು" ಅಂದಳು. ಮಕ್ಕಳಿಗೆ ಪುರಿ, ಸಿಹಿ ಬೂಂದಿ ಪೊಟ್ಟಣ. ನನ್ನ ಮಗಳು ಆ ದಿನ ಹಾಕಿಕೊಳ್ಳಲಿಕ್ಕೆ ಅಂತ ಒಂದು ಲಂಗ ಎತ್ತಿಟ್ಟಿರುತ್ತಿದ್ದಳು.

ಟೋಲ್‌ಗೇಟ್ ವಕೀಲ

ಮಿನರ್ವಾ ಮಿಲ್ಲಿನ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ! ನಮ್ಮ ಗೋಪಾಲಪುರದ್ದು. ಕಾನೂನು ಓದಿದ ಯಾರನ್ನಾದರೂ ಕೇಳಿ, ದೇಶದ ಯಾವ ಮೂಲೆಯವರಾದರೂ ಮಿನರ್ವಾ ಮಿಲ್ಸ್ ಅಂದ ತಕ್ಷಣ ಎದ್ದು ಕೂರುತ್ತಾರೆ.

ಕಥೆ ಚಿಕ್ಕದಾಗಿ ಹೇಳುತ್ತೇನೆ. ಮಿಲ್ ನಷ್ಟಕ್ಕೆ ಬಿತ್ತು. 1971ರಲ್ಲಿ ಸರ್ಕಾರ ಆಡಳಿತ ವಹಿಸಿಕೊಂಡಿತು. 1974ರಲ್ಲಿ ರೋಗಗ್ರಸ್ತ ಬಟ್ಟೆ ಮಿಲ್ಲುಗಳ ರಾಷ್ಟ್ರೀಕರಣ ಕಾಯ್ದೆ ಬಂತು. ಮಿಲ್ ಸರ್ಕಾರದ್ದಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, ನಾನಿ ಪಾಲ್ಖಿವಾಲಾ ವಾದ ಮಾಡಿದರು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯಲ್ಲಿ, ಸಂವಿಧಾನವನ್ನು ಸಂಸತ್ತು ಹೇಗೆ ಬೇಕಾದರೂ ತಿದ್ದಬಹುದು, ಕೋರ್ಟು ಕೇಳುವ ಹಾಗಿಲ್ಲ ಅನ್ನುವ ಭಾಗ ಇತ್ತು. 1980ರ ಜುಲೈ 31ರಂದು ಕೋರ್ಟು ಅದನ್ನು ಹೊಡೆದುಹಾಕಿತು. ಸಂವಿಧಾನದ ಮೂಲ ಸ್ವರೂಪವನ್ನು ಮುಟ್ಟುವಂತಿಲ್ಲ ಅನ್ನುವ ಮಾತು ಗಟ್ಟಿಯಾಗಿ ನಿಂತದ್ದು ಈ ತೀರ್ಪಿನಿಂದ.

ನಾನು ಲಾ ಕಾಲೇಜಿನಲ್ಲಿ ಇದನ್ನು ಓದುವಾಗ, ಆ ಮಿಲ್ಲಿನ ಗೋಡೆ ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿದೆ ಅಂತ ಯಾರೂ ಹೇಳಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಅಲ್ಲಿ ಬದಲಿ ಕೆಲಸಕ್ಕೆ, ಅಂದರೆ ರಜೆ ಹಾಕಿದವರ ಜಾಗಕ್ಕೆ, ಹೋಗುತ್ತಿದ್ದವರು. "ಆ ಕೇಸು ನಡೆಯುವಾಗ ನಮಗೆ ಒಂದೇ ಚಿಂತೆ, ಏಳನೇ ತಾರೀಕು ಸಂಬಳ ಆಗುತ್ತಾ ಇಲ್ವಾ ಅಂತ" ಅಂದರು. ತೀರ್ಪಿನ ಪುಟಗಳಲ್ಲಿ ಆ ಮಾತು ನನಗೆ ಸಿಕ್ಕಲಿಲ್ಲ.

ಗಾಂಧಿಗ್ರಾಮದ ಹುಡುಗಿ

ಎಲ್ಲರೂ ಬರೆದಿದ್ದು ಓದಿ ಖುಷಿಯಾಯಿತು. ಆದರೆ ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಬರೀ ಸಿಹಿ ನೆನಪಷ್ಟೇ ಬರುತ್ತಿದೆ.

ನಮ್ಮ ದೊಡ್ಡಪ್ಪ ಒಂದು ಮಿಲ್ಲಿನಲ್ಲಿ ಅರಳೆ ಬಿಡಿಸುವ ಕಡೆ ಇದ್ದರು. ಯಾವ ಮಿಲ್ ಅಂತ ಬೇಡ. ಭಾನುವಾರ ಚೆನ್ನಾಗಿರುತ್ತಿದ್ದರು. ಸೋಮವಾರ ಸಂಜೆ ಮನೆಗೆ ಬಂದರೆ ಎದೆ ಬಿಗಿ ಹಿಡಿದು ಮಾತಾಡಲಿಕ್ಕೆ ಆಗುತ್ತಿರಲಿಲ್ಲ. ನಾವೆಲ್ಲ ಅದು ಬೀಡಿಯ ಕೆಮ್ಮು ಅಂದುಕೊಂಡಿದ್ದೆವು. ನಾನು ನರ್ಸಿಂಗ್ ಓದಿದ ಮೇಲೆ ಗೊತ್ತಾಯಿತು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಅನ್ನುವ ಕಾಯಿಲೆಯ ಮೊದಲ ಗುರುತೇ ಅದು, ರಜೆ ಮುಗಿಸಿ ಹೋದ ಮೊದಲ ದಿನ ಎದೆ ಬಿಗಿಯುವುದು. ಅಷ್ಟು ಹೊತ್ತಿಗೆ ದೊಡ್ಡಪ್ಪ ಹೋಗಿ ಒಂಬತ್ತು ವರ್ಷ ಆಗಿತ್ತು.

ಜಾತಿಯ ಮಾತೂ ಇದೆ. ವಠಾರದಲ್ಲಿ ಎಲ್ಲರೂ ಒಂದೇ ಅಂತಾರೆ. ನಮ್ಮ ದೊಡ್ಡಮ್ಮನ ಕೊಡ ಸಾಲಿನಲ್ಲಿ ಮುಂದೆ ಇದ್ದರೂ ಹಿಂದೆ ಸರಿಸುತ್ತಿದ್ದರು. ಮಿಲ್ಲಿನೊಳಗೆ ಭುಜಕ್ಕೆ ಭುಜ ಕೊಟ್ಟು ಕೆಲಸ ಮಾಡಿದವರು ಹೊರಗೆ ಬಂದ ಮೇಲೆ ಬೇರೆ ಬೇರೆ ಹೋಟೆಲಿಗೆ ಹೋಗುತ್ತಿದ್ದರು. ಇದನ್ನೂ ಬರೆದಿಡಬೇಕು. ಇಲ್ಲದಿದ್ದರೆ ಕಥೆ ಅರ್ಧ.

ರಾಜಾಮಿಲ್ ಹಿಂದಿನ ಬೀದಿ

ನೀವು ಹೇಳಿದ್ದು ಸರಿ. ಕೊಡಗಳ ಸಾಲು ಅಂತ ನಾನು ಪ್ರೀತಿಯಿಂದ ಬರೆದೆ. ಯಾರ ಕೊಡ ಎಲ್ಲಿ ನಿಲ್ಲುತ್ತಿತ್ತು ಅಂತ ನಾನು ಯೋಚಿಸಲೇ ಇಲ್ಲ. ರಾತ್ರಿ ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದು, ಹಾಗೆ ಇತ್ತು" ಅಂದರು.

ಬಿನ್ನಿಪೇಟೆ ಮೊಮ್ಮಗಳು

ಗಾಂಧಿಗ್ರಾಮದ ತಂಗಿ, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ಕೇಳಿದ್ದೇ ಇದಕ್ಕೆ. ಒಳ್ಳೆಯದನ್ನು ಮಾತ್ರ ಹೇಳಿ ಅಂದರೆ ಅದು ಮದುವೆ ಮನೆ ಭಾಷಣ ಆಗುತ್ತದೆ.

ಆದರೆ ಇಷ್ಟು ಕಷ್ಟದ ಮಧ್ಯೆಯೇ ಇವರು ಸಂಘ ಕಟ್ಟಿದರು ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಬಿನ್ನಿಯ ಅಕ್ಕನ ಮನೆ ಅಂದರೆ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳು, ಅದೇ ಕಂಪನಿಯವು. ಅಲ್ಲಿ 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ದೇಶದ ಮೊದಮೊದಲ ಕಾರ್ಮಿಕ ಸಂಘಗಳಲ್ಲಿ ಅದೂ ಒಂದು. ಸುದ್ದಿ ರೈಲಿನಲ್ಲಿ ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕು ಹೇಳಿ. ಮದರಾಸಿಗೂ ಬೆಂಗಳೂರಿಗೂ ನೆಂಟಸ್ತನ ಇದ್ದ ಮನೆಗಳೇ ಎಷ್ಟೋ ಇದ್ದವು.

ರಾಜಾಜಿನಗರದ ಭಾಷ್ಯಂ ಸರ್ಕಲ್‌ನಲ್ಲಿ ದಿನಾ ಓಡಾಡುತ್ತೇವೆ. ಆ ಕೆ.ಟಿ. ಭಾಷ್ಯಂ ಅವರು ಸ್ವಾತಂತ್ರ್ಯ ಹೋರಾಟಗಾರರು ಮಾತ್ರ ಅಲ್ಲ, ಇಲ್ಲಿನ ಕಾರ್ಮಿಕರ ನಾಯಕರು. 1947ರಲ್ಲಿ ಮೈಸೂರಿನಲ್ಲಿ ಜನರ ಸರ್ಕಾರ ಬಂದಾಗ ಮಂತ್ರಿಯಾದರು. 1942ರ ಚಳವಳಿಯಲ್ಲಿ ಬೆಂಗಳೂರಿನ ಮಿಲ್ಲುಗಳು, ಎಚ್‌ಎಎಲ್ ಕೆಲಸಗಾರರು ಕೆಲಸ ಬಿಟ್ಟು ಹೊರಗೆ ಬಂದರು. ನಮ್ಮ ತಾತ ಆಗ ಹುಡುಗ. ಮುತ್ತಾತ ಮನೆಗೆ ಬೇಗ ಬಂದದ್ದು ನೋಡಿ ಹಬ್ಬ ಅಂದುಕೊಂಡಿದ್ದರಂತೆ.

ವಾರಕ್ಕೆ 48 ಗಂಟೆ ಕೆಲಸ, ಒಂದು ದಿನ ರಜೆ, ಕಾಯಿಲೆ ಬಿದ್ದರೆ ನೋಡಿಕೊಳ್ಳುವ ಇಎಸ್‌ಐ ವಿಮೆ. ಇವೆಲ್ಲ 1948ರ ಕಾಯ್ದೆಗಳಲ್ಲಿ ಇದ್ದವು. ಇವು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದು ಅಂತ ನಮ್ಮ ಮಕ್ಕಳು ಅಂದುಕೊಳ್ಳಬಾರದು. ದೇಶದ ಇಂಥ ಎಷ್ಟೋ ಬೀದಿಗಳು ಉಪವಾಸ ಕೂತು ಕೇಳಿದ್ದರಿಂದ ಬಂದದ್ದು.

ದಾವಣಗೆರೆ ಅರಳೆ

ನಮ್ಮೂರಿನವರೂ ಒಬ್ಬರು ಮಾತಾಡಬೇಕಲ್ವಾ! ನಿಮ್ಮ ಮಿಲ್ಲಿಗೆ ಅರಳೆ ಕಳಿಸಿದವರು ನಾವು, ಆಮೇಲೆ ನಾವೇ ಮಿಲ್ ಹಾಕಿಕೊಂಡೆವು. ನಮ್ಮಲ್ಲಿ ಮಿಲ್ ಕಾರ್ಮಿಕರಾಗಿದ್ದ ಕಾಮ್ರೇಡ್ ಪಂಪಾಪತಿ ಅವರು ನಗರಸಭೆ ಅಧ್ಯಕ್ಷರಾದರು. 1978, 1983, 1985, ಮೂರು ಸಲ ಸಿಪಿಐನಿಂದ ಶಾಸಕರೂ ಆದರು. ದಾವಣಗೆರೆಯ ಅಗಲ ರಸ್ತೆಗಳ ಮಾತು ಬಂದರೆ ವಯಸ್ಸಾದವರು ಇವತ್ತಿಗೂ ಅವರ ಹೆಸರು ಹೇಳುತ್ತಾರೆ. ಬೆಂಗಳೂರಿನಲ್ಲಿ ಇಷ್ಟೊಂದು ಮಿಲ್ಲುಗಳಿದ್ದವು, ಊರು ದೊಡ್ಡದು, ಅದಕ್ಕೋ ಏನೋ ಮಿಲ್ಲಿನವರ ದನಿ ಅಷ್ಟು ಮೇಲೆ ಬರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಹಳೇ ಫಿಟ್ಟರ್

ದಾವಣಗೆರೆಯವರು ಹೇಳಿದ್ದಕ್ಕೆ ಒಂದು ಮಾತು. ಬೆಂಗಳೂರಿನಲ್ಲಿ ನಲವತ್ತು, ಐವತ್ತರ ದಶಕಗಳಿಂದ ಎರಡು ಥರದ ಕೆಲಸಗಾರರು ಆದರು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಅಂತ ಸರ್ಕಾರದ ದೊಡ್ಡ ಕಾರ್ಖಾನೆಗಳು ಬಂದವು. ಅಲ್ಲಿ ಕ್ವಾರ್ಟರ್ಸ್, ಕ್ಯಾಂಟೀನ್, ಬಸ್ಸು, ಮಕ್ಕಳಿಗೆ ಸ್ಕೂಲು. ಅಲ್ಲಿ ಸೇರಿದವನಿಗೆ ಹೆಣ್ಣು ಕೊಡಲು ಸಾಲು ನಿಲ್ಲುತ್ತಿದ್ದರು. ಮಿಲ್ಲಿನವರು ಮಾತ್ರ ಅದೇ ವಠಾರದಲ್ಲಿ ಉಳಿದರು. ಒಂದೇ ಮನೆಯಲ್ಲಿ ಅಪ್ಪ ಮಿಲ್, ಮಗ ಎಚ್‌ಎಂಟಿ. ಮಗ ಜಾಲಹಳ್ಳಿ ಕಡೆ ಮನೆ ಮಾಡಿಕೊಂಡು ಹೋದ. ಬೀದಿಯಲ್ಲಿ ಮಾತಾಡಬಲ್ಲ ಹುಡುಗರು ಹೀಗೆ ಒಬ್ಬೊಬ್ಬರೇ ಹೊರಟುಹೋದರು.

ನಮ್ಮ ಕಡೆ ಮಾತ್ರ ಇನ್ನೊಂದು ಆಯಿತು. ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದವರು ಆ ದುಡ್ಡಿನಲ್ಲಿ ಒಂದು ಹಳೇ ಲೇತ್ ತೆಗೆದುಕೊಂಡು ಮನೆಯ ಕೆಳಗೇ ಹಾಕಿದರು. ಕಾಮಾಕ್ಷಿಪಾಳ್ಯ, ಪ್ರಕಾಶನಗರ, ಇಂಡಸ್ಟ್ರಿಯಲ್ ಟೌನ್. ಮೇಲೆ ಸಂಸಾರ, ಕೆಳಗೆ ವರ್ಕ್‌ಶಾಪ್. ದೊಡ್ಡ ಕಾರ್ಖಾನೆಗೆ ಬೇಕಾದ ಬುಷ್, ಶಾಫ್ಟ್, ನಟ್ಟು ಇಲ್ಲೇ ಆಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಪೀಣ್ಯ ಎದ್ದಾಗ ಅಲ್ಲಿ ಶೆಡ್ ಹಾಕಿದವರಲ್ಲಿ ನನಗೆ ಗೊತ್ತಿದ್ದವರೇ ಹತ್ತು ಹನ್ನೆರಡು ಜನ. ಯಾರಿಗೂ ಡಿಗ್ರಿ ಇರಲಿಲ್ಲ. ಕೈಯಲ್ಲಿ ಮೈಕ್ರೋಮೀಟರ್ ಹಿಡಿದರೆ ನೂಲಿನಷ್ಟು ತಪ್ಪೂ ಹಿಡಿಯುತ್ತಿದ್ದರು.

ಕಾರ್ಡ್ ರೋಡ್ ಅಂತ ಯಾಕೆ ಅನ್ನುತ್ತಾರೆ ಗೊತ್ತಾ? ಗಣಿತದಲ್ಲಿ ವೃತ್ತಕ್ಕೆ ಅಡ್ಡ ಎಳೆಯುವ ಜ್ಯಾ ಅನ್ನುವ ಗೆರೆ ಇದೆಯಲ್ಲ, ಅದೇ ಕಾರ್ಡ್. ತುಮಕೂರು ರಸ್ತೆಯಿಂದ ಮಾಗಡಿ ರಸ್ತೆ ದಾಟಿ ಮೈಸೂರು ರಸ್ತೆಗೆ ಊರೊಳಗೆ ಬಾರದೆ ಅಡ್ಡ ಹೋಗುವ ದಾರಿ. ಇದು ಸುಮ್ನೆ ನೆನಪಾಯಿತು, ಹೇಳಿದೆ.

ಒಕಳಿಪುರಂ 560021

ರೌಡಿ ಏರಿಯಾ ಅನ್ನುವ ಮಾತಿಗೆ ನಾನೂ ಒಂದು ಹೇಳುತ್ತೇನೆ. ಮಿಲ್ಲುಗಳು ಕುಂಟಲು ಶುರುವಾದ ಮೇಲೆ ಹದಿನೆಂಟು ಇಪ್ಪತ್ತರ ಹುಡುಗರಿಗೆ ಕೆಲಸ ಇಲ್ಲ. ಅಪ್ಪನ ಜಾಗಕ್ಕೆ ಮಗ ಅನ್ನುವ ನಂಬಿಕೆ ಹೋಯಿತು. ಕೆಲವರು ಆಟೊ ಹಿಡಿದರು, ಕೆಲವರು ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತರು, ಕೆಲವರು ದಾರಿ ತಪ್ಪಿದರು. ತಪ್ಪಿದವರ ಸುದ್ದಿ ಪೇಪರಿನಲ್ಲಿ ಬಂತು. ಮೂಟೆ ಹೊತ್ತವರ ಸುದ್ದಿ ಯಾವ ಪೇಪರಿನಲ್ಲೂ ಬರಲಿಲ್ಲ.

1991ರ ಡಿಸೆಂಬರ್ ಕಾವೇರಿ ಗಲಭೆ ನೆನಪಿದೆ. ನನಗೆ ಹನ್ನೊಂದು ವರ್ಷ. ಪಕ್ಕದ ಮನೆಯ ತಮಿಳಿನವರು, ಅದೇ ಸಂಗು ಅನ್ನುತ್ತಿದ್ದವರು, ಎರಡು ರಾತ್ರಿ ನಮ್ಮ ಅಡುಗೆಮನೆಯಲ್ಲಿ ಮಲಗಿದ್ದರು. ನಮ್ಮಪ್ಪ ಕನ್ನಡ ಸಂಘದ ಖಜಾಂಚಿ. ಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ಬೆಳಗಿನವರೆಗೂ ಕೂತಿದ್ದರು. ಬೇರೆ ಬೀದಿಗಳಲ್ಲಿ ಹೀಗೆ ಆಗಲಿಲ್ಲ, ತುಂಬಾ ಕೆಟ್ಟದಾಯಿತು. ಅದೂ ಗೊತ್ತು.

ಹಬ್ಬದ ಮಾತು ಯಾರೂ ಎತ್ತಲಿಲ್ಲ. ಅಣ್ಣಮ್ಮನನ್ನು ಕೂರಿಸುವುದು! ಮೆಜೆಸ್ಟಿಕ್ ಹತ್ತಿರದ ಗುಡಿಯಿಂದ ಉತ್ಸವ ಮೂರ್ತಿಯನ್ನು ತಂದು ಬೀದಿಯಲ್ಲಿ ಪೆಂಡಾಲ್ ಹಾಕಿ ಕೂರಿಸುತ್ತಿದ್ದೆವು. ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಬರುತ್ತಿದ್ದರು. ರಾತ್ರಿ ಆರ್ಕೆಸ್ಟ್ರಾ. ರಾತ್ರಿ ಪಾಳಿ ಮುಗಿಸಿ ಬಂದವರು ಮನೆಗೆ ಹೋಗದೆ ಕ್ಯಾರಿಯರ್ ಕೈಯಲ್ಲಿ ಹಿಡಿದೇ ಪೆಂಡಾಲಿನ ಮುಂದೆ ಕೂತುಬಿಡುತ್ತಿದ್ದರು. ಚಂದಾ ಲೆಕ್ಕ ಕರಿ ಹಲಗೆ ಮೇಲೆ ಬರೆದು ನಿಲ್ಲಿಸುತ್ತಿದ್ದೆವು, ಐದು ರೂಪಾಯಿ ಕೊಟ್ಟವರ ಹೆಸರೂ ಇರುತ್ತಿತ್ತು.

ಲಗ್ಗೆರೆ ಲೈನ್ ಮನೆ

ನಾನು ಇಲ್ಲಿ ಚಿಕ್ಕವನು, 23 ವರ್ಷ. ಎಲ್ಲರೂ ಮಿಲ್ಲುಗಳ ಕಥೆ ಮುಗಿದುಹೋಯಿತು ಅನ್ನುವ ಹಾಗೆ ಬರೆಯುತ್ತಿದ್ದೀರಿ. ನನ್ನ ಅಮ್ಮ ಇವತ್ತು ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸಿಗೆ ಹೋದರು.

ಪೀಣ್ಯ, ಲಗ್ಗೆರೆ, ಮಾಗಡಿ ರಸ್ತೆ, ಮೈಸೂರು ರಸ್ತೆ. ಬೆಳಿಗ್ಗೆ ಏಳೂವರೆಗೆ ಬಂದು ನೋಡಿ. ರಸ್ತೆ ತುಂಬಾ ಹೆಂಗಸರು. ತಲೆಯಲ್ಲಿ ಒಂದು ಮೊಳ ಹೂ, ಕೈಯಲ್ಲಿ ಬುತ್ತಿ ಚೀಲ, ಓಡುತ್ತಿರುತ್ತಾರೆ. ಬಟ್ಟೆಯ ಕೆಲಸ ಬೆಂಗಳೂರು ಬಿಟ್ಟು ಹೋಗಿಲ್ಲ. ಗಂಡಸರ ಮಿಲ್ ಮುಚ್ಚಿತು, ಹೆಂಗಸರ ಹೊಲಿಗೆ ಶುರುವಾಯಿತು. ನೇಯುವುದಕ್ಕೆ ಬದಲು ಹೊಲಿಯುವುದು, ಅಷ್ಟೇ. ನಮ್ಮದು ತುಮಕೂರು ಕಡೆಯ ಹಳ್ಳಿ. ಮಳೆ ಕೈಕೊಟ್ಟ ವರ್ಷ ಬಂದವರು ವಾಪಸ್ಸು ಹೋಗಲಿಲ್ಲ. ಲೈನ್ ಮನೆ ಅಂದರೆ ನಿಮ್ಮ ವಠಾರವೇ. ಎಂಟು ಮನೆ, ಎರಡು ಕಕ್ಕಸು.

2016ರ ಏಪ್ರಿಲ್‌ನಲ್ಲಿ ಏನಾಯಿತು ಗೊತ್ತಲ್ವಾ? ಪಿಎಫ್ ದುಡ್ಡಿನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರದವರು ನಿಯಮ ಮಾಡಿದ್ದರು. ಗಾರ್ಮೆಂಟ್ಸಿನಲ್ಲಿ 58ರವರೆಗೆ ಯಾರು ಇರುತ್ತಾರೆ? ನಲವತ್ತಕ್ಕೇ ಕಣ್ಣು, ಬೆನ್ನು ಹೋಗುತ್ತದೆ. ಮಗಳ ಮದುವೆಗೋ ಸೈಟಿಗೋ ಅಂತ ಇಟ್ಟುಕೊಂಡ ದುಡ್ಡು ಅದು. ಸಾವಿರಾರು ಹೆಂಗಸರು ಬೀದಿಗೆ ಬಂದರು. ದೊಡ್ಡ ನಾಯಕರು ಯಾರೂ ಕರೆದಿರಲಿಲ್ಲ. ಎರಡೇ ದಿನದಲ್ಲಿ ಸರ್ಕಾರ ಆ ನಿಯಮವನ್ನು ವಾಪಸ್ಸು ತೆಗೆದುಕೊಂಡಿತು. ಅದರಿಂದ ಲಾಭ ಆದದ್ದು ದೇಶದ ಎಲ್ಲಾ ಪಿಎಫ್‌ದಾರರಿಗೆ, ಎಸಿ ಆಫೀಸಿನಲ್ಲಿ ಕೂತವರಿಗೂ ಸೇರಿ. ಆ ದಿನ ಟ್ರಾಫಿಕ್ ಜಾಮ್ ಆಯಿತು ಅಂತ ಬೈದವರಿಗೂ ಸೇರಿ.

ಅಮ್ಮ ಅಲ್ಲಿ ಇದ್ದರು. ಚಪ್ಪಲಿ ಒಂದು ಕಳೆದುಕೊಂಡು ಬಂದರು. ನಾನು ಆಗ ಸ್ಕೂಲು. ಯಾಕಮ್ಮ ಹೋದೆ ಅಂತ ಅತ್ತಿದ್ದೆ.

ಬಿನ್ನಿಪೇಟೆ ಮೊಮ್ಮಗಳು

ತಮ್ಮಾ, ನಿನ್ನ ಬರಹ ಓದಿ ಎರಡು ಸಲ ಎದ್ದು ನೀರು ಕುಡಿದೆ. ನಾನು ಹಳೆಯದನ್ನು ಹುಡುಕಿಕೊಂಡು ಹೊರಟಿದ್ದೆ. ನಿನ್ನ ಅಮ್ಮನವರ ಕಥೆಯೂ ಇದೇ ಕಥೆ ಅಂತ ನನಗೆ ಹೊಳೆದಿರಲಿಲ್ಲ. ಅವರನ್ನು ಮಾತಾಡಿಸಿ ಬರೆದು ಹಾಕ್ತೀಯಾ? ಅವರು ಒಪ್ಪಿದರೆ ಮಾತ್ರ. ಕಾರ್ಖಾನೆ ಹೆಸರು ಬೇಡ.

ಇನ್ನೊಂದು ವಿಷಯ. ಇಲ್ಲಿ ಬಂದದ್ದನ್ನೆಲ್ಲ ಒಂದು ಕಡೆ ಇಡೋಣ ಅಂತ ಇದ್ದೇನೆ. ಮೊದಲು ಮಾತುಗಳು. ಬದಲಿ, ಪಾಳಿ, ಮೇಸ್ತ್ರಿ, ಸಂಗು, ಲೈನ್ ಮನೆ. ಒಂದೊಂದು ಮಾತಿಗೆ ಒಂದೊಂದು ಪುಟ. ಆಮೇಲೆ ಫೋಟೊಗಳು. ಟೋಲ್‌ಗೇಟ್ ಅಣ್ಣ, ಮಿನರ್ವಾದ ಕಾಗದ ಪತ್ರ ಅಪ್ಪನ ಹತ್ತಿರ ಏನಾದರೂ ಇದ್ದರೆ ನೋಡಿ. ಗಾಂಧಿಗ್ರಾಮದ ತಂಗಿ, ದೊಡ್ಡಮ್ಮ ಇದ್ದರೆ ಅವರನ್ನು ನಾನೇ ಬಂದು ಕಾಣುತ್ತೇನೆ.

ಇವತ್ತು ಅಮ್ಮನ ಟ್ರಂಕಿನಲ್ಲಿ ಹುಡುಕಿದೆ. ತಾತನ ಹಿತ್ತಾಳೆ ಬಿಲ್ಲೆ ಸಿಕ್ಕಿತು. ಅಂಗೈಗಿಂತ ಚಿಕ್ಕದು, ನಂಬರ್ ಕೊರೆದಿದೆ, ಮೇಲೆ ಒಂದು ತೂತು. ತೂತು ಯಾಕೆ ಅಂತ ಮಗ ಕೇಳುತ್ತಿದ್ದಾನೆ. ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರಾ?

ಗಾಂಧಿಗ್ರಾಮದ ಹುಡುಗಿ

ದೊಡ್ಡಮ್ಮ ಇದ್ದಾರೆ. ಕಿವಿ ಸ್ವಲ್ಪ ಮಂದ. ಬನ್ನಿ ಅಕ್ಕ, ಮಧ್ಯಾಹ್ನ ಮೂರರ ಮೇಲೆ ಬಂದರೆ ಚೆನ್ನಾಗಿ ಮಾತಾಡುತ್ತಾರೆ.

ಹಳೇ ಫಿಟ್ಟರ್

ಇಲ್ಲಮ್ಮ, ಕುತ್ತಿಗೆಗಲ್ಲ. ಅದು ಟೋಕನ್. ಗೇಟಿನ ಪಕ್ಕ ಟೈಮ್ ಆಫೀಸಿನಲ್ಲಿ ಒಂದು ದೊಡ್ಡ ಹಲಗೆ. ಹಲಗೆ ತುಂಬಾ ಮೊಳೆ, ಮೊಳೆಗೊಂದು ನಂಬರ್. ಒಳಗೆ ಹೋಗುವಾಗ ನಿನ್ನ ಟೋಕನ್ನನ್ನು ನಿನ್ನ ಮೊಳೆಗೆ ಹಾಕಬೇಕು. ಗೇಟ್ ಮುಚ್ಚಿದ ಮೇಲೆ ಗುಮಾಸ್ತ ಹಲಗೆ ನೋಡುತ್ತಾನೆ. ಮೊಳೆ ಖಾಲಿ ಇದ್ದರೆ ಆಳು ಬಂದಿಲ್ಲ, ಆ ದಿನದ ಕೂಲಿ ಇಲ್ಲ. ನಮ್ಮಲ್ಲಿ ಹಾಗೆ ಇತ್ತು, ಮಿಲ್ಲಿನಲ್ಲೂ ಹಾಗೇ ಇದ್ದಿರಬೇಕು. ತೂತಿನ ಮೇಲಂಚು ಸವೆದಿದೆಯಾ ನೋಡು. ಮೊಳೆಗೆ ಹಾಕಿ ತೆಗೆದು ಸವೆಯುತ್ತಿತ್ತು.

ಬಿನ್ನಿಪೇಟೆ ಮೊಮ್ಮಗಳು

ಸವೆದಿದೆ ತಾತ. ಒಂದು ಕಡೆ ತೀರಾ ತೆಳ್ಳಗಾಗಿದೆ.

ಲಗ್ಗೆರೆ ಲೈನ್ ಮನೆ

ಅಕ್ಕ, ಅಮ್ಮನಿಗೆ ಇದನ್ನು ಓದಿ ಹೇಳಿದೆ. ಮಾತಾಡಲು ಒಪ್ಪಿದ್ದಾರೆ, ಭಾನುವಾರ ಆಗುತ್ತೆ. ಅವರ ಕಡೆ ಈಗ ಟೋಕನ್ ಇಲ್ಲ, ಮಷೀನಿಗೆ ಬೆರಳು ಒತ್ತಬೇಕು. ಹದಿನಾಲ್ಕು ವರ್ಷ ಬಟ್ಟೆ ಹಿಡಿದು ಎಳೆದು ಹೆಬ್ಬೆರಳಿನ ಗೆರೆ ಸವೆದುಹೋಗಿದೆ. ಒಂದೊಂದು ದಿನ ಮಷೀನು ಅಮ್ಮನನ್ನು ಗುರುತೇ ಹಿಡಿಯುವುದಿಲ್ಲ, ಮೂರು ನಾಲ್ಕು ಸಲ ಒರೆಸಿ ಒರೆಸಿ ಒತ್ತುತ್ತಾರೆ. ಆ ಬಿಲ್ಲೆಯ ಫೋಟೊ ಹಾಕಿ. ಅಮ್ಮ ನೋಡಬೇಕು ಅಂತಿದ್ದಾರೆ.